ಉಪನಿರ್ದೇಶಕರ ನಿದ್ದೆಯನ್ನು ಗಮನದ ಮಾದರಿ ಸ್ಥಾನದಿಂದ ಕೆಳಗಿಳಿಸುವ ಬಗ್ಗೆ

ಗಮನ ಮಾಪನ ಘಟಕ
ಯಲಹಂಕ ಉಪನಗರ, ಬೆಂಗಳೂರು

ಸಂಖ್ಯೆ: ಗಮಾಘ/ಯಲ/ನಿದ್ದೆ/01/2025-26
ದಿನಾಂಕ: 16-02-2026

ಸುತ್ತೋಲೆ

ವಿಷಯ: ಘಟಕದ ಉಪನಿರ್ದೇಶಕರು ದಿನಾಂಕ 30-09-2025ರ ಮಧ್ಯಾಹ್ನ ಮಾಡಿದ ನಿದ್ದೆಯನ್ನು ‘ಆರೋಗ್ಯವಂತ ಮನುಷ್ಯನ ಸ್ಥಿರ ಗಮನ’ ಎಂದು ಇಟ್ಟುಕೊಂಡು ನಾಲ್ಕೂವರೆ ತಿಂಗಳು ಊರವರ ಮಿದುಳು ಅಳೆದಿರುವ ಬಗ್ಗೆ, ಹಾಗೂ ಕೋಗಿಲು ವಾಸಿ ಕುಮಾರಿ ಅತೀಯಾಳ ವರದಿಯನ್ನು ಹಿಂಪಡೆಯುವ ಬಗ್ಗೆ.

ಉಲ್ಲೇಖ:
1. ಶ್ರೀಮತಿ ನೂರ್‌ಜಹಾನ್, ಕೋಗಿಲು, ಇವರ ಪತ್ರ, ದಿನಾಂಕ 01-12-2025. (ಪತ್ರದ ಮೇಲೆ ಹಸಿರು ಶಾಯಿಯಲ್ಲಿ ‘ನೋಡಿದೆ’ ಎಂದು ಬರೆದು ಸಹಿ ಮಾಡಲಾಗಿದೆ. ನೋಡಿಲ್ಲ.)
2. ಅದೇ ತಾಯಿಯ ನೆನಪೋಲೆ, ದಿನಾಂಕ 05-01-2026. (ಅದೇ ಶಾಯಿ. ಅದೇ ಸುಳ್ಳು.)
3. ಪರೀಕ್ಷಾ ವಹಿ, ಪುಟ 1, ‘ಷರಾ’ ಅಂಕಣ.
4. ಘಟಕದ ಅಟೆಂಡರ್ ಶ್ರೀಮತಿ ಗೌರಮ್ಮನವರ ಮೌಖಿಕ ಹೇಳಿಕೆ, ದಿನಾಂಕ 11-02-2026, ಕಾಫಿ ವೇಳೆ.

*

ಘಟಕದ ಸಿಬ್ಬಂದಿಗೆ, ಘಟಕವನ್ನು ನಂಬಿ ತಲೆ ಕೊಟ್ಟ ಸಾರ್ವಜನಿಕರಿಗೆ, ಮತ್ತು ಮುಖ್ಯವಾಗಿ ಕುಮಾರಿ ಅತೀಯಾ ಓದುತ್ತಿರುವ ಶಾಲೆಯ ಆಡಳಿತಕ್ಕೆ ಕೆಳಕಂಡ ಸಂಗತಿಗಳನ್ನು ಈ ಮೂಲಕ ತಿಳಿಯಪಡಿಸಲಾಗಿದೆ. ‘ಗಮನಕ್ಕೆ ತರಲಾಗಿದೆ’ ಎಂದು ಬರೆಯುವುದು ವಾಡಿಕೆ. ಆ ಪದವನ್ನು ಬಳಸುವ ಯೋಗ್ಯತೆ ಸದ್ಯಕ್ಕೆ ಘಟಕಕ್ಕೆ ಇಲ್ಲದ ಕಾರಣ ಬಿಡಲಾಗಿದೆ.

1. ಓದಲು ಕೂತರೆ ಮನಸ್ಸು ನಿಲ್ಲದಿರುವುದು, ಹೇಳಿದ್ದು ಕಿವಿಗೆ ಬಿದ್ದರೂ ತಲೆಗೆ ಇಳಿಯದಿರುವುದು, ಒಂದು ಕೆಲಸ ಮುಗಿಯುವ ಮೊದಲೇ ಇನ್ನೊಂದಕ್ಕೆ ಜಾರುವುದು, ಇಂಥ ತೊಂದರೆ ಕೆಲವು ಮಕ್ಕಳಿಗೂ ಕೆಲವು ದೊಡ್ಡವರಿಗೂ ಇರುತ್ತದೆ. ಇದನ್ನು ಗುರುತಿಸಲು ಮನೋವೈದ್ಯರು ಮಗುವಿನ ಜೊತೆ, ತಾಯಿಯ ಜೊತೆ, ಮೇಷ್ಟರ ಜೊತೆ ಗಂಟೆಗಟ್ಟಲೆ ಮಾತಾಡುತ್ತಾರೆ. ಅಷ್ಟು ಹೊತ್ತು ಮಾತು ಯಾಕೆ, ಮಿದುಳನ್ನೇ ನೇರವಾಗಿ ಕೇಳಿದರೆ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ ಎಂಬ ಆಲೋಚನೆಯ ಮೇರೆಗೆ ಈ ಘಟಕವನ್ನು ತೆರೆಯಲಾಯಿತು. ಆಲೋಚನೆ ಈ ಸುತ್ತೋಲೆಯ ಕೆಳಗೆ ಸಹಿ ಮಾಡಿರುವ ಉಪನಿರ್ದೇಶಕ ಡಾ. ಮುನಿಆಂಜಿನಪ್ಪ (ಇನ್ನು ಮುಂದೆ ‘ಸದರಿ ಅಧಿಕಾರಿ’) ಅವರದೇ. ಸದರಿ ಅಧಿಕಾರಿಗೆ ಯಾರ ಮಾತನ್ನೂ ಇಪ್ಪತ್ತು ನಿಮಿಷ ಕೇಳಿ ಅಭ್ಯಾಸವಿಲ್ಲ ಎಂಬುದನ್ನು ಅವರ ಶ್ರೀಮತಿಯವರು ಅನೇಕ ಸಲ ಮನೆಯಲ್ಲಿ ದಾಖಲಿಸಿದ್ದಾರೆ.

2. ಪರೀಕ್ಷೆಯ ಕ್ರಮ ಸರಳವಾದುದು. ತಲೆಗೆ ಮೂವತ್ತೆರಡು ತಂತಿಗಳ ಟೋಪಿ ಹಾಕಲಾಗುತ್ತದೆ. ಎದುರಿನ ಪರದೆಯ ಮೇಲೆ ಒಂದು ಚುಕ್ಕೆ ಇರುತ್ತದೆ. ಆ ಚುಕ್ಕೆಯನ್ನು ಇಪ್ಪತ್ತು ನಿಮಿಷ ನೋಡುತ್ತ ಕೂರಬೇಕು. ಬೇರೇನೂ ಇಲ್ಲ. ಅಷ್ಟರಲ್ಲಿ ಮಿದುಳಿನ ಅಲೆಗಳು ಕಂಪ್ಯೂಟರಿಗೆ ಬರುತ್ತವೆ. ಕಂಪ್ಯೂಟರು ಅವನ್ನು ‘ಆರೋಗ್ಯವಂತ ಮಾದರಿ’ಯ ಅಲೆಗಳ ಪಕ್ಕದಲ್ಲಿಟ್ಟು ಹೋಲಿಸಿ, ಹೊಂದಿದರೆ ಹಸಿರು ಬಣ್ಣದ ತಲೆಯ ಚಿತ್ರವನ್ನೂ, ಹೊಂದದಿದ್ದರೆ ಕೆಂಪು ಬಣ್ಣದ ತಲೆಯ ಚಿತ್ರವನ್ನೂ ಮುದ್ರಿಸುತ್ತದೆ. ಚಿತ್ರ ಬಹಳ ಚೆನ್ನಾಗಿ ಬರುತ್ತದೆ. ಇಡೀ ಅನಾಹುತಕ್ಕೆ ಅರ್ಧ ಕಾರಣ ಅದೇ.

3. ಹಾಗಾದರೆ ಆರೋಗ್ಯವಂತ ಮಾದರಿ ಯಾರದು ಎಂಬ ಪ್ರಶ್ನೆ ಬಂತು. ನೂರಾರು ಜನರ ಅಲೆಗಳನ್ನು ಸಂಗ್ರಹಿಸಿ ಸರಾಸರಿ ತೆಗೆಯಬೇಕೆಂದು ಯೋಜನಾ ವರದಿಯ ಪುಟ 14ರಲ್ಲಿ ಬರೆಯಲಾಗಿದೆ. ಬರೆದವರು ಸದರಿ ಅಧಿಕಾರಿ. ಓದದವರೂ ಅವರೇ. ಯಂತ್ರ ಬಂದದ್ದು ಆಯುಧಪೂಜೆಯ ಹೊತ್ತಿಗೆ. ಹಬ್ಬದ ದಿನ ರಜೆ ಇದ್ದುದರಿಂದ ಹಿಂದಿನ ದಿನವೇ ಕಚೇರಿಯಲ್ಲಿ ಪೂಜೆ ನಡೆಸಿ, ಯಂತ್ರಕ್ಕೆ ಅರಿಶಿನ ಕುಂಕುಮ ಇಟ್ಟು, ಟೋಪಿಗೆ ಸೇವಂತಿಗೆ ಹಾರ ಹಾಕಿ, ಬೂದುಗುಂಬಳ ಒಡೆಯಲಾಯಿತು. ಬಳಿಕ ಬಾಳೆಲೆ ಊಟ. ಊಟವಾದ ಮೇಲೆ ಯಂತ್ರವನ್ನು ಮೊದಲು ಯಾರ ತಲೆಗೆ ಹಾಕಬೇಕು ಎಂಬ ಮಾತು ಬಂದಾಗ, ಹಿರಿತನದ ಪಟ್ಟಿಯಲ್ಲಿ ಮೊದಲಿನವರ ತಲೆಗೇ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಸದರಿ ಅಧಿಕಾರಿ ಬೇಡ ಬೇಡ ಎನ್ನುತ್ತಲೇ ಕುರ್ಚಿಯಲ್ಲಿ ಕೂತರು.

ಆ ಹೊತ್ತಿಗೆ ಅವರು ನಾಲ್ಕು ಒಬ್ಬಟ್ಟು ತಿಂದಿದ್ದರು. ತುಪ್ಪದ ಲೆಕ್ಕ ಲಭ್ಯವಿಲ್ಲ. ಕೋಣೆಗೆ ಹವಾನಿಯಂತ್ರಣವಿತ್ತು, ದೀಪ ಆರಿಸಿತ್ತು, ಎದುರಿಗೆ ಒಂದೇ ಒಂದು ಚುಕ್ಕೆ. ಮುಂದೆ ಆಗಬೇಕಾದ್ದೇ ಆಯಿತು.

4. ಯಂತ್ರ ನಡೆಸುತ್ತಿದ್ದ ತಂತ್ರಜ್ಞ ಶ್ರೀ ಅಶ್ವತ್ಥ್ ಇದನ್ನು ಕಣ್ಣಾರೆ ಕಂಡಿದ್ದಾರೆ. ಪರೀಕ್ಷೆಗೆ ಕೂತವರು ಹೇಗಿದ್ದರು ಎಂಬುದನ್ನು ವಹಿಯ ‘ಷರಾ’ ಅಂಕಣದಲ್ಲಿ ಬರೆಯುವುದು ಅವರ ಕರ್ತವ್ಯ. ಅವರು ಬರೆದಿರುವುದು ಇಷ್ಟು: ‘ಮಾನ್ಯ ಉಪನಿರ್ದೇಶಕರು ಗಾಢ ಚಿಂತನೆಯಲ್ಲಿದ್ದರು.’ ಆದ್ದರಿಂದ ಸದರಿ ತಲೆ ‘ಮಾದರಿ-1’ ಎಂದು ಕಂಪ್ಯೂಟರಿಗೆ ಸೇರಿತು. ಮುಂದೆ ಬೇರೆ ತಲೆಗಳನ್ನು ಅದರ ಜೊತೆ ಸೇರಿಸಿ ಸರಾಸರಿ ತೆಗೆಯಬೇಕಿತ್ತು. ಆದರೆ ಸರಾಸರಿಗೆಂದು ಆಮೇಲೆ ಅಳೆದ ಯಾವ ತಲೆಯೂ ಅದಕ್ಕೆ ಹೊಂದಲಿಲ್ಲ. ಹೊಂದದ ತಲೆಗಳನ್ನೆಲ್ಲ ಕೆಂಪು ಎಂದು ತೆಗೆದುಹಾಕಲಾಯಿತು. ಕೊನೆಗೆ ಆರೋಗ್ಯವಂತರ ಪಟ್ಟಿಯಲ್ಲಿ ಒಬ್ಬರೇ ಉಳಿದರು.

ಇದರಿಂದ ಯಾರಿಗಾದರೂ ಅನುಮಾನ ಬರಬೇಕಿತ್ತು. ಸದರಿ ಅಧಿಕಾರಿಗೆ ಬಂದದ್ದು ಅನುಮಾನವಲ್ಲ, ಹೆಮ್ಮೆ.

5. ಇಷ್ಟಕ್ಕೇ ನಿಲ್ಲಲಿಲ್ಲ. ಮಾದರಿ-1ರ ಅಲೆಗಳಲ್ಲಿ ನಾಲ್ಕು ಸೆಕೆಂಡಿಗೊಮ್ಮೆ ಬಂದುಹೋಗುವ ಒಂದು ಸಣ್ಣ ಕಂಪನ ಕಾಣಿಸಿತು. ಯಾವ ಪುಸ್ತಕದಲ್ಲೂ ಇಲ್ಲದ ಕಂಪನ. ಗಮನ ಆಳವಾದಾಗ ಮಾತ್ರ ಹೊಮ್ಮುವ ಹೊಸ ಅಲೆ ಇದು ಎಂದು ಸದರಿ ಅಧಿಕಾರಿ ತೀರ್ಮಾನಿಸಿ, ತಮ್ಮ ಹುಟ್ಟೂರಿನ ನೆನಪಿಗಾಗಿ ಅದಕ್ಕೆ ‘ಅಬ್ಬಿಗೆರೆ ಅಲೆ’ ಎಂದು ಹೆಸರಿಟ್ಟರು. ಅಕ್ಟೋಬರ್ ಕೊನೆಯಲ್ಲಿ ಹೆಬ್ಬಾಳದ ಒಂದು ಸಭಾಂಗಣದಲ್ಲಿ ನಲವತ್ತು ನಿಮಿಷ ಅದರ ಮೇಲೆ ಉಪನ್ಯಾಸ ಕೊಟ್ಟರು. ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡಲಾಯಿತು. ಊರಿನಲ್ಲಿ ಅವರ ಅಣ್ಣಂದಿರು ಬಸ್ ನಿಲ್ದಾಣದ ಪಕ್ಕ ಒಂದು ಫ್ಲೆಕ್ಸ್ ಕೂಡ ಕಟ್ಟಿಸಿದರು. ಅಬ್ಬಿಗೆರೆ ಅಲೆ ಎಂದರೆ ಗೊರಕೆ ಎಂಬುದನ್ನು ಫ್ಲೆಕ್ಸಿನ ಮುಂದೆ ದಿನಾ ಓಡಾಡುತ್ತಿರುವ ಗ್ರಾಮಸ್ಥರಿಗೆ ಈ ಮೂಲಕ ವಿಷಾದದಿಂದ ತಿಳಿಸಲಾಗಿದೆ.

6. ಘಟಕದ ಹನ್ನೊಂದು ಸಿಬ್ಬಂದಿಯೂ ಪರೀಕ್ಷೆಗೆ ಒಳಗಾಗಿ, ಹನ್ನೊಂದೂ ತಲೆಗಳು ಕೆಂಪು ಬಂದವು. ಗೇಟಿನಲ್ಲಿ ಬಂದುಹೋಗುವ ಪ್ರತಿ ಗಾಡಿಯ ನಂಬರನ್ನು ಬಾಯಲ್ಲೇ ಒಪ್ಪಿಸಬಲ್ಲ ಕಾವಲುಗಾರ ಶ್ರೀ ಸೊಣ್ಣಪ್ಪನವರಿಗೆ ಎಲ್ಲರಿಗಿಂತ ಕಡುಗೆಂಪು ಬಂತು. ಅವರು ಆ ಚಿತ್ರಕ್ಕೆ ಕಟ್ಟು ಹಾಕಿಸಿ ಮನೆಯಲ್ಲಿ ನೇತುಹಾಕಿದ್ದಾರೆಂದು ವರದಿಯಾಗಿದೆ. ಉಳಿದವರು ಅದನ್ನು ಇನ್ನೂ ಉಪಯುಕ್ತವಾಗಿ ಬಳಸಿಕೊಂಡರು. ‘ನನಗೆ ಗಮನದ ತೊಂದರೆ ಇದೆ, ಘಟಕವೇ ಬರೆದುಕೊಟ್ಟಿದೆ’ ಎಂದು ಚಿತ್ರ ತೋರಿಸಿ ಸೋಮವಾರದ ಸಭೆಗಳಿಂದ ವಿನಾಯಿತಿ ಪಡೆದರು. ಡಿಸೆಂಬರಿನಿಂದ ಸೋಮವಾರದ ಸಭೆಯನ್ನು ಸದರಿ ಅಧಿಕಾರಿ ಒಬ್ಬರೇ ನಡೆಸಿ, ನಡಾವಳಿಯನ್ನು ತಾವೇ ಅನುಮೋದಿಸಿಕೊಂಡು ಬಂದಿದ್ದಾರೆ.

7. ಇಲ್ಲಿಯವರೆಗಿನದು ನಗುವ ವಿಷಯ. ಇನ್ನು ಮುಂದಿನದು ಅಲ್ಲ.

ಕುಮಾರಿ ಅತೀಯಾ ಆರನೆಯ ತರಗತಿಯ ಹುಡುಗಿ. ಗಲಾಟೆ ಮಾಡುವವಳಲ್ಲ. ಕೂತಲ್ಲೇ ಎಲ್ಲೋ ಹೋಗಿಬಿಡುತ್ತಾಳೆ. ಒಂದು ಲೆಕ್ಕ ಮಾಡಲು ಶುರುಮಾಡಿ ಅರ್ಧದಲ್ಲಿ ಕಿಟಕಿಯ ಹೊರಗಿನ ಗುಲ್‌ಮೊಹರ್ ಮರಕ್ಕೆ ಹೋದರೆ, ಬೆಲ್ ಹೊಡೆದಾಗಲೇ ವಾಪಸು. ಅವಳ ತಾಯಿ ನೂರ್‌ಜಹಾನ್ ಕೋಗಿಲಿನಲ್ಲಿ ಮನೆಯ ಮುಂಭಾಗದಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾರೆ. ಮನೋವೈದ್ಯೆ ಡಾ. ಮಂಜುಶ್ರೀ ಅವರು ಮಗುವಿನ ಜೊತೆ ಎರಡು ದಿನ, ದಿನಕ್ಕೆ ಒಂದು ಗಂಟೆ ಮಾತಾಡಿ, ತಾಯಿಯನ್ನು ಕೇಳಿ, ಶಾಲೆಗೂ ಫೋನ್ ಮಾಡಿ ವಿಚಾರಿಸಿ, ಇವಳಿಗೆ ಗಮನದ ತೊಂದರೆ ಇದೆ, ಮುಂದಿನ ಬೆಂಚು ಕೊಡಿ, ಪರೀಕ್ಷೆಯಲ್ಲಿ ಅರ್ಧ ಗಂಟೆ ಹೆಚ್ಚು ಕೊಡಿ ಎಂದು ನೀಲಿ ಶಾಯಿಯಲ್ಲಿ ಒಂದು ಚೀಟಿ ಬರೆದುಕೊಟ್ಟರು. ಶಾಲೆಯವರು ಅದನ್ನು ನೋಡಿ, ಇದು ಬರೀ ಕೈಬರಹ, ಯಂತ್ರದ ವರದಿ ತನ್ನಿ ಎಂದರು. ಹಾಗೆ ಆ ತಾಯಿ ಮಗಳು ನವೆಂಬರ್ 18ರಂದು ಈ ಘಟಕಕ್ಕೆ ಬಂದರು.

ಬೆಳಿಗ್ಗೆ ಒಂಬತ್ತಕ್ಕೆ ಬಂದವರನ್ನು ಮಧ್ಯಾಹ್ನ ಮೂರಕ್ಕೆ ಒಳಗೆ ಕರೆಯಲಾಯಿತು. ಮಗುವಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು, ಕಾದು ಕಾದು ತೂಕಡಿಕೆ ಬಂದಿತ್ತು. ಕಟ್ಟಿದ ಮೂಗಿನಲ್ಲಿ ಉಸಿರೆಳೆದಾಗಲೆಲ್ಲ ಟೋಪಿಯ ತಂತಿಗಳು ಅಲುಗಿದವು. ಕಂಪ್ಯೂಟರು ಅದನ್ನು ಅಬ್ಬಿಗೆರೆ ಅಲೆ ಎಂದು ಗುರುತಿಸಿ, ಮಾದರಿ-1ರ ಜೊತೆ ನೂರಕ್ಕೆ ತೊಂಬತ್ತನಾಲ್ಕು ಹೊಂದಿಕೆ ಎಂದು ತೋರಿಸಿ, ಎಲೆಯಷ್ಟು ಹಸಿರಾದ ತಲೆಯನ್ನು ಮುದ್ರಿಸಿತು. ಕೆಳಗೆ: ‘ಗಮನ ಅತ್ಯುತ್ತಮ. ಯಾವುದೇ ತೊಂದರೆ ಇಲ್ಲ.’ ಅದರ ಕೆಳಗೆ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ: ‘ಪ್ರಾಯೋಗಿಕ ಪರೀಕ್ಷೆ. ರೋಗ ನಿರ್ಣಯಕ್ಕೆ ಬಳಸತಕ್ಕದ್ದಲ್ಲ.’ ಗಮನದ ತೊಂದರೆ ಇರುವವರಿಗಾಗಿ ಮಾಡಿದ ಕಾಗದದಲ್ಲಿ ಮುಖ್ಯವಾದ ಮಾತನ್ನು ಯಾರ ಗಮನಕ್ಕೂ ಬಾರದ ಹಾಗೆ ಅಚ್ಚುಹಾಕಿಸಿದ ಕೀರ್ತಿಯೂ ಸದರಿ ಅಧಿಕಾರಿಗೇ ಸಲ್ಲುತ್ತದೆ.

ಅಂದಿನ ವಹಿಯಲ್ಲಿ ಶ್ರೀ ಅಶ್ವತ್ಥ್ ಬರೆದ ಷರಾ: ‘ಮಗು ನಿದ್ದೆಗಣ್ಣಿನಲ್ಲಿತ್ತು. ಎಚ್ಚರವಾದಾಗ ಚುಕ್ಕೆ ಬಿಟ್ಟು ಗೋಡೆಯ ಹಲ್ಲಿ ನೋಡುತ್ತಿತ್ತು.’ ಮಗುವಿನ ಬಗ್ಗೆ ನಿಜ ಬರೆಯಲು ಯಾವ ಹಿರಿತನವೂ ಅವರಿಗೆ ಅಡ್ಡಬರಲಿಲ್ಲ ಎಂಬುದನ್ನು ಗಮನಿಸಲಾಗಿದೆ. ಆ ಷರಾವನ್ನೂ ಯಾರೂ ಓದಲಿಲ್ಲ. ಹಸಿರು ಚಿತ್ರ ಕೈಗೆ ಬಂದ ಮೇಲೆ ಅಕ್ಷರ ಯಾರಿಗೆ ಬೇಕು?

ಶಾಲೆಯವರು ಹಸಿರು ತಲೆಯನ್ನು ಕಡತಕ್ಕೆ ಸೇರಿಸಿ ವೈದ್ಯರ ಚೀಟಿಯನ್ನು ಪಕ್ಕಕ್ಕಿಟ್ಟರು. ತೊಂದರೆ ಇಲ್ಲ ಎಂದ ಮೇಲೆ ಇದು ಸೋಮಾರಿತನ, ಹೆಚ್ಚು ಸಮಯ ಕೊಡುವ ಪ್ರಶ್ನೆಯೇ ಇಲ್ಲ, ಫೆಬ್ರವರಿ 20ರೊಳಗೆ ಬೇರೆ ಕಾಗದ ತರದಿದ್ದರೆ ಟಿ.ಸಿ. ತೆಗೆದುಕೊಂಡು ಹೋಗಿ ಎಂದು ತಾಯಿಗೆ ತಿಳಿಸಿದರು.

8. ಆ ತಾಯಿ ಡಿಸೆಂಬರಿನಲ್ಲಿ ಒಂದು ಪತ್ರ ಬರೆದರು, ಜನವರಿಯಲ್ಲಿ ಇನ್ನೊಂದು. ಎರಡರ ಗತಿಯನ್ನು ಉಲ್ಲೇಖದಲ್ಲಿ ಹೇಳಲಾಗಿದೆ. ಖುದ್ದಾಗಿ ಮೂರು ಸಲ ಬಂದರು. ಮೂರು ಸಲವೂ ಸದರಿ ಅಧಿಕಾರಿ ಸಭೆಯಲ್ಲಿದ್ದರು (ಕಂಡಿಕೆ 6 ನೋಡಿ, ಒಬ್ಬರೇ). ನಾಲ್ಕನೆಯ ಸಲ, ಫೆಬ್ರವರಿ 11ರ ಬುಧವಾರ, ಅವರು ಕಚೇರಿಯ ಪಡಸಾಲೆಯ ಬೆಂಚಿನ ಮೇಲೆ ಕೂತು ಏಳಲಿಲ್ಲ. ಶ್ರೀ ಸೊಣ್ಣಪ್ಪನವರು ತಮ್ಮ ಕಡುಗೆಂಪು ತಲೆಯ ಅಧಿಕಾರ ಚಲಾಯಿಸಿ ಅವರನ್ನು ನೇರವಾಗಿ ಒಳಗೆ ಬಿಟ್ಟರು.

ಅವರು ಹೇಳತೊಡಗಿದಾಗ ಸದರಿ ಅಧಿಕಾರಿ ಅರ್ಧ ಕಿವಿಯಲ್ಲಿ ಕೇಳುತ್ತ, ಇನ್ನರ್ಧದಲ್ಲಿ ಫೋನಿನ ಸಂದೇಶ ನೋಡುತ್ತ, ಮಧ್ಯೆ ಮಧ್ಯೆ ‘ಹೂಂ’ ಎನ್ನುತ್ತಿದ್ದರು. ಬಳಿಕ, ನಿಮ್ಮ ಮಗಳ ಅಲೆ ನನ್ನ ಅಲೆಯ ಜೊತೆ ತೊಂಬತ್ತನಾಲ್ಕರಷ್ಟು ಹೊಂದುತ್ತದೆ, ನೀವು ಸಂತೋಷಪಡಬೇಕು ತಾಯಿ ಎಂದು ಸಮಾಧಾನ ಹೇಳಿದರು. ಆಗ ಆ ತಾಯಿ ಹೇಳಿದ್ದನ್ನು ಯಥಾವತ್ತಾಗಿ ಇಲ್ಲಿ ದಾಖಲಿಸಲಾಗಿದೆ:

“ನಿಮ್ಮ ಕಾಗದ ಬರೋ ತನ್ಕ ಪಾಪ, ನನ್ ಮಗೀಗೆ ಏನೋ ಐತೆ ಅಂತಿದ್ದೆ ಸಾರ್. ನಿಮ್ಮ ಕಾಗದ ಏನೂ ಇಲ್ಲ ಅಂತು. ಏನೂ ಇಲ್ದೇ ಹಿಂಗ್ ಮಾಡ್ತಾಳಂದ್ರೆ ಕೊಬ್ಬು ಅಂದ್ಕೊಂಡೆ. ಹೊಡ್ದೆ ಸಾರ್. ಬಟ್ಟೆ ಅಳೆಯೋ ಸ್ಕೇಲಲ್ಲಿ ಹೊಡ್ದೆ.”

ಫೋನನ್ನು ಮೇಜಿನ ಮೇಲೆ ಬೋರಲು ಇಡಲಾಯಿತು. ಅಷ್ಟರಲ್ಲಿ ಕಾಫಿ ತಂದಿದ್ದ ಶ್ರೀಮತಿ ಗೌರಮ್ಮನವರು ಲೋಟ ಇಡುತ್ತ ಕೇಳಿದರು: “ಯಾವ ಅಲೆ ಸಾ? ಅವತ್ತು ಒಬ್ಬಟ್ಟು ತಿಂದು ಟೋಪಿ ಆಕ್ಕಂಡು ಗೊರಕೆ ಒಡೀತಿದ್ರಲ್ಲ, ಅದಾ?”

9. (ಈ ಕಂಡಿಕೆಯನ್ನು ಬರೆಯುವ ಹೊತ್ತಿಗೆ ವಾಯುನೆಲೆಯ ಕಡೆಯಿಂದ ಎರಡು ವಿಮಾನಗಳು ಒಂದರ ಹಿಂದೊಂದು ಹಾದುಹೋದವು. ಕಿಟಕಿಗೆ ಹೋಗಿ ನೋಡಲಾಯಿತು. ವಾಪಸು ಬಂದು ಕೂತಾಗ ಇಲ್ಲಿ ಏನು ಬರೆಯಬೇಕಿತ್ತೆಂಬುದು ಮರೆತಿದೆ. ನೆನಪಾದಲ್ಲಿ ತಿದ್ದುಪಡಿ ಹೊರಡಿಸಲಾಗುವುದು.)

10. ಶ್ರೀ ಅಶ್ವತ್ಥ್ ಅವರನ್ನು ಕೂಡಲೇ ಕರೆಸಿ, ವಹಿಯ ಪುಟ 1 ತೆರೆದು ವಿಚಾರಿಸಲಾಯಿತು. ಅವರು ನೆಲ ನೋಡುತ್ತ, “ಸಾರ್, ನೀವು ನಿದ್ದೆ ಮಾಡ್ತಿದ್ರಿ ಅಂತ ಹೆಂಗ್ ಸಾರ್ ಬರೀಲಿ? ಪ್ರೊಬೇಷನ್ ಇನ್ನೂ ಮುಗ್ದಿಲ್ಲ,” ಎಂದರು. ಸದರಿ ಅಧಿಕಾರಿ ವಹಿಯನ್ನು ಮುಚ್ಚಿದರು. ತಮ್ಮ ಪ್ರೊಬೇಷನ್ ಕಾಲದಲ್ಲಿ, ಆಗಿದ್ದ ಕಚೇರಿಯ ನಿರ್ದೇಶಕರು ಭಾಷಣದ ನಡುವೆ ನಿದ್ದೆ ಹೋದಾಗ, ‘ಮಾನ್ಯರು ಕ್ಷಣಕಾಲ ಮೌನವಹಿಸಿದರು’ ಎಂದು ನಡಾವಳಿಯಲ್ಲಿ ಬರೆದವರು ಇವರೇ.

ಮರುದಿನ ಖಚಿತಪಡಿಸಿಕೊಳ್ಳುವ ಸಲುವಾಗಿ ಸದರಿ ಅಧಿಕಾರಿಯ ತಲೆಯನ್ನು ಎರಡು ಸಲ ಅಳೆಯಲಾಯಿತು. ಬೆಳಿಗ್ಗೆ ಹನ್ನೊಂದಕ್ಕೆ, ಎಚ್ಚರದಲ್ಲಿ: ಕೆಂಪು. ಮಧ್ಯಾಹ್ನ ಎರಡೂವರೆಗೆ, ಮುದ್ದೆ ಊಟದ ಬಳಿಕ, ಗೌರಮ್ಮನವರ ಸಾಕ್ಷ್ಯದಲ್ಲಿ ಮಾಡಿದ ನಿದ್ದೆಯಲ್ಲಿ: ಹಸಿರು, ತೊಂಬತ್ತೊಂಬತ್ತು ಹೊಂದಿಕೆ, ಅಬ್ಬಿಗೆರೆ ಅಲೆ ಸಮೇತ. ಅಂದರೆ ಘಟಕವು ಇಷ್ಟು ದಿನ ಎದ್ದಿದ್ದವರಿಗೆಲ್ಲ ಕಾಯಿಲೆ ಎಂದೂ, ನಿದ್ದೆ ಬಂದವರನ್ನು ಜಾಣರೆಂದೂ ಬರೆದುಕೊಟ್ಟಿದೆ.

11. ಮೇಲ್ಕಂಡ ಹಿನ್ನೆಲೆಯಲ್ಲಿ ಕೆಳಕಂಡ ಆದೇಶಗಳನ್ನು ತಕ್ಷಣದಿಂದ ಜಾರಿಗೊಳಿಸಲಾಗಿದೆ:

(ಅ) ಇನ್ನು ಮುಂದೆ ಯಾವ ತಲೆಯನ್ನೂ ಹಿರಿತನದ ಆಧಾರದ ಮೇಲೆ ಆರೋಗ್ಯವಂತ ಎಂದು ಪರಿಗಣಿಸತಕ್ಕದ್ದಲ್ಲ.

(ಆ) ವಹಿಗಳಲ್ಲಿ ನಿದ್ದೆಯನ್ನು ನಿದ್ದೆ ಎಂದೇ ಬರೆಯತಕ್ಕದ್ದು. ‘ಗಾಢ ಚಿಂತನೆ’, ‘ಧ್ಯಾನಸ್ಥ’, ‘ಕಣ್ಣಿಗೆ ವಿಶ್ರಾಂತಿ’, ‘ಕ್ಷಣಕಾಲ ಮೌನ’ ಮುಂತಾದ ಪದಗಳ ಬಳಕೆಯನ್ನು ನಿಷೇಧಿಸಲಾಗಿದೆ. ತೂಕಡಿಕೆಗೂ ನಿದ್ದೆಗೂ ನಡುವಿನ ಗಡಿಯ ಬಗ್ಗೆ ವಿವಾದ ಉಂಟಾದಲ್ಲಿ, ಬಾಯಿ ತೆರೆದಿತ್ತೇ ಇಲ್ಲವೇ ಎಂಬುದನ್ನು ಅಂತಿಮವೆಂದು ಪರಿಗಣಿಸಲಾಗುವುದು.

(ಇ) ಎಲ್ಲ ತಲೆಗಳನ್ನು ‘ಒಬ್ಬಟ್ಟಿನ ಮುಂಚೆ’ ಮತ್ತು ‘ಒಬ್ಬಟ್ಟಿನ ನಂತರ’ ಎಂದು ವರ್ಗೀಕರಿಸತಕ್ಕದ್ದು. ಒಂದು ಒಬ್ಬಟ್ಟಿಗೆ ಎರಡು ಮುದ್ದೆ ಸಮವೆಂದು ತಾತ್ಕಾಲಿಕವಾಗಿ ಹಿಡಿಯಲಾಗಿದೆ. ಬಿಸಿಬೇಳೆಬಾತ್ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಲಿದೆ.

(ಈ) ಶ್ರೀಮತಿ ಗೌರಮ್ಮನವರನ್ನು ಈಗಿನ ಕರ್ತವ್ಯಗಳ ಜೊತೆಗೆ ‘ಗೊರಕೆ ವೀಕ್ಷಕಿ’ ಎಂದು ನೇಮಿಸಲಾಗಿದೆ. ಉಪನಿರ್ದೇಶಕರ ದರ್ಜೆಯವರೆಗಿನ ಯಾರ ಭುಜವನ್ನಾದರೂ ಅಲುಗಾಡಿಸುವ ಅಧಿಕಾರ ಅವರಿಗೆ ಇರತಕ್ಕದ್ದು. ನಿರ್ದೇಶಕರ ದರ್ಜೆಯವರಾದಲ್ಲಿ ಪಕ್ಕದಲ್ಲಿ ಲೋಟ ಬೀಳಿಸಬಹುದು. ಹುದ್ದೆಗೆ ತಮಗೆ ಯಾವ ಅರ್ಹತೆ ಇದೆ ಎಂದು ಅವರು ಕೇಳಿದ್ದಾರೆ. ಇಡೀ ಘಟಕದಲ್ಲಿ ಕಣ್ಣಿಟ್ಟು ನೋಡಿದ್ದು ಅವರೊಬ್ಬರೇ ಎಂದು ತಿಳಿಸಲಾಗಿದೆ.

(ಉ) ವಿಮಾನ ಹೋದಾಗ ತಲೆಯೆತ್ತಿ ನೋಡುವುದನ್ನು ಯಲಹಂಕ ಹೋಬಳಿಯ ಮಟ್ಟಿಗೆ ಗಮನದ ಕೊರತೆ ಎಂದು ಪರಿಗಣಿಸತಕ್ಕದ್ದಲ್ಲ. ನೋಡದವರ ಬಗ್ಗೆ ವಿಚಾರಣೆ ನಡೆಸಬಹುದು.

(ಊ) ಕೆಂಪು ತಲೆಯ ಆಧಾರದ ಮೇಲೆ ಸೋಮವಾರದ ಸಭೆಯಿಂದ ವಿನಾಯಿತಿ ಪಡೆದವರು ಸಭೆಗೆ ಮರಳತಕ್ಕದ್ದು. ಶ್ರೀ ಸೊಣ್ಣಪ್ಪನವರು ಗೋಡೆಯ ಮೇಲಿನ ಚಿತ್ರವನ್ನು ಇಟ್ಟುಕೊಳ್ಳಬಹುದು, ಏಕೆಂದರೆ ಅದು ಅವರಿಗೆ ಸಂದ ಗೌರವವೇ ಆಗಿದೆ.

(ಋ) ಅಬ್ಬಿಗೆರೆ ಅಲೆಯ ಬಾಬ್ತು ಪಡೆದ ಶಾಲನ್ನು ಸದರಿ ಅಧಿಕಾರಿ ಹಿಂದಿರುಗಿಸತಕ್ಕದ್ದು. ಹಣ್ಣುಗಳನ್ನು ಹಿಂದಿರುಗಿಸುವ ಕಾಲ ಮೀರಿದೆ. ಫ್ಲೆಕ್ಸ್ ಇಳಿಸುವಂತೆ ಅಣ್ಣಂದಿರಿಗೆ ಹೇಳಲಾಗಿದ್ದು, ಅದು ಈಗ ಕೊಟ್ಟಿಗೆಯ ಮೇಲೆ ಬಿಸಿಲು ತಡೆಯುತ್ತಿದೆ. ಅಲ್ಲಿಯೂ ಮುಖ ಕಾಣುತ್ತಿದೆ ಎಂದು ದೂರು ಬಂದಿದೆ.

(ೠ) ‘ಗೊತ್ತಿಲ್ಲ’ ಎಂಬ ಪದವನ್ನು ಇಂದಿನಿಂದ ಘಟಕದ ವರದಿಗಳಲ್ಲಿ ಬಳಸಬಹುದು. ಇದಕ್ಕೆ ಮೇಲಧಿಕಾರಿಗಳ ಪೂರ್ವಾನುಮತಿ ಬೇಕಿಲ್ಲ. ದೊಡ್ಡ ಅಕ್ಷರದಲ್ಲಿ ಮುದ್ರಿಸತಕ್ಕದ್ದು.

12. ಸದರಿ ಅಧಿಕಾರಿಯು ದಿನಾಂಕ 14-02-2026ರ ಶನಿವಾರ ಕೋಗಿಲಿಗೆ ಖುದ್ದಾಗಿ ಹೋಗಿ ಬಂದರು. ಇದನ್ನು ಅಧಿಕೃತ ಪ್ರವಾಸವೆಂದು ಪರಿಗಣಿಸಬಾರದು. ತಾಯಿ ಹೊಲಿಗೆ ಯಂತ್ರ ನಿಲ್ಲಿಸಿ ಸ್ಟೂಲು ಕೊಟ್ಟರು. ಕುಮಾರಿ ಅತೀಯಾ ಬಾಗಿಲ ಮರೆಯಲ್ಲಿ ನಿಂತಿದ್ದಳು. ನಡೆದದ್ದನ್ನು ಅವಳಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದು ಸದರಿ ಅಧಿಕಾರಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದರು. ಅಲ್ಲಿ ಅವೆಲ್ಲ ಮರೆತುಹೋಗಿ, ನಾನು ಊಟ ಮಾಡಿ ನಿದ್ದೆ ಮಾಡಿಬಿಟ್ಟೆ ಕಂದಾ, ಆ ನಿದ್ದೆಯನ್ನೇ ಜಾಣತನ ಅಂದ್ಕೊಂಡು ನಿನ್ನನ್ನು ಅಳೆದೆ, ತಪ್ಪು ನನ್ನದು, ನಿನ್ನದಲ್ಲ, ನಿಮ್ಮಮ್ಮಂದೂ ಅಲ್ಲ ಎಂದಷ್ಟೇ ಹೇಳಲು ಸಾಧ್ಯವಾಯಿತು.

ಹುಡುಗಿ ಬೀದಿಯ ಕಡೆ ನೋಡಿದಳು. ಮತ್ತೆಲ್ಲೋ ಹೋದಳು ಎಂದುಕೊಂಡರೆ ಹೋಗಿರಲಿಲ್ಲ.

“ಅಂಕಲ್,” ಎಂದಳು, “ನೀವು ನಿದ್ದೆ ಮಾಡಿದ್ದಕ್ಕೆ ನಿಮಗೆ ಯಾರು ಹೊಡ್ದಿದ್ದು?”

ಯಾರೂ ಇಲ್ಲ ಎಂದು ಉತ್ತರಿಸಲಾಯಿತು. ಹೊಡೆಯುವುದಿರಲಿ, ಶಾಲು ಹೊದಿಸಿದರು ಎಂಬುದನ್ನು ಹೇಳಲು ಸದರಿ ಅಧಿಕಾರಿಗೆ ಬಾಯಿ ಬರಲಿಲ್ಲ. ತಾಯಿ ಮುಖ ತಿರುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸದರಿ ಅಧಿಕಾರಿಯ ಬಳಿ ಕರ್ಚೀಫು ಇತ್ತು, ಬಳಸಲಾಯಿತು. ಗೋಡೆಗೆ ಒರಗಿಸಿಟ್ಟಿದ್ದ ಮರದ ಸ್ಕೇಲನ್ನು ಅವರು ಹೊರಡುವವರೆಗೂ ನೋಡದಿರಲು ಪ್ರಯತ್ನಿಸಿದರು. ಅಷ್ಟು ಹೊತ್ತು ಒಂದೇ ವಸ್ತುವಿನ ಮೇಲೆ ಅವರ ಗಮನ ನೆಟ್ಟಿದ್ದು ಅದೇ ಮೊದಲು.

13. ಅದರಂತೆ ಅಂತಿಮವಾಗಿ ಆದೇಶಿಸುವುದೇನೆಂದರೆ:

ದಿನಾಂಕ 18-11-2025ರಂದು ಕುಮಾರಿ ಅತೀಯಾಳಿಗೆ ಈ ಘಟಕ ನೀಡಿದ ಹಸಿರು ವರದಿಯನ್ನು ಪೂರ್ಣವಾಗಿ ರದ್ದುಪಡಿಸಲಾಗಿದೆ. ಅದರ ಬದಲಿಗೆ ಬೇರೆ ಬಣ್ಣದ ವರದಿಯನ್ನು ನೀಡಲಾಗುತ್ತಿಲ್ಲ. ಅವಳ ಮಿದುಳಿನ ಬಗ್ಗೆ ಈ ಯಂತ್ರಕ್ಕೆ ಏನು ಗೊತ್ತು ಎಂದು ಶಾಲೆಯವರು ಕೇಳಿದಲ್ಲಿ, ಉತ್ತರ: ಗೊತ್ತಿಲ್ಲ. ಯಾರಿಗೆ ಗೊತ್ತು ಎಂದು ಕೇಳಿದಲ್ಲಿ, ಡಾ. ಮಂಜುಶ್ರೀ ಅವರ ನೀಲಿ ಶಾಯಿಯ ಚೀಟಿಯನ್ನು ನೋಡತಕ್ಕದ್ದು. ಅವರು ಎರಡು ಗಂಟೆ ಕೇಳಿಸಿಕೊಂಡಿದ್ದಾರೆ. ಆ ಚೀಟಿಯಂತೆ ಮುಂದಿನ ಬೆಂಚು ಮತ್ತು ಅರ್ಧ ಗಂಟೆ ನೀಡುವಂತೆ ಶಾಲೆಯನ್ನು ಕೋರಲಾಗಿದೆ. ಆದೇಶಿಸುವ ಅಧಿಕಾರ ಘಟಕಕ್ಕಿಲ್ಲ. ಕೈಮುಗಿಯುವ ಅಧಿಕಾರ ಇದೆ, ಅದನ್ನು ಚಲಾಯಿಸಲಾಗಿದೆ. ಟಿ.ಸಿ.ಯ ಗಡುವು ಇದೇ ಶುಕ್ರವಾರ ಇರುವುದರಿಂದ ಈ ಸುತ್ತೋಲೆಯನ್ನು ಅಂಚೆಗೆ ಹಾಕದೆ ಸದರಿ ಅಧಿಕಾರಿ ಇಂದೇ ಶಾಲೆಗೆ ಒಯ್ದು, ಮುಖ್ಯೋಪಾಧ್ಯಾಯರು ಪೂರ್ತಿ ಓದಿ ಮುಗಿಸುವವರೆಗೆ ಎದುರಿಗೆ ನಿಂತಿರತಕ್ಕದ್ದು.

ಶ್ರೀ ಅಶ್ವತ್ಥ್ ಅವರ ಮೇಲೆ ಯಾವುದೇ ಕ್ರಮವಿಲ್ಲ. ಅವರ ಪ್ರೊಬೇಷನ್ ಮುಗಿದಿದೆ ಎಂದು ಘೋಷಿಸಲಾಗಿದೆ. ಇನ್ನಾದರೂ ನಿಜ ಬರೆಯಲಿ.

ಹೊಣೆಯನ್ನು ಸದರಿ ಅಧಿಕಾರಿಯ ಮೇಲೆ ಹೊರಿಸಲಾಗಿದೆ. ಶಿಕ್ಷೆಯನ್ನು ಮೇಲಿನವರು ನಿರ್ಧರಿಸುವರು. ಅಲ್ಲಿಯವರೆಗೆ ಅವರು ಪ್ರತಿ ದಿನ ಮಧ್ಯಾಹ್ನ ಎರಡೂವರೆಯಿಂದ, ಅಂದರೆ ಅವರಿಗೆ ಅತ್ಯಂತ ಕಷ್ಟದ ಹೊತ್ತಿನಲ್ಲಿ, ಪಡಸಾಲೆಯ ಬೆಂಚಿನ ಮೇಲೆ ಫೋನಿಲ್ಲದೆ ಕೂತು, ಬಂದವರು ಹೇಳುವುದನ್ನು ಇಪ್ಪತ್ತು ನಿಮಿಷ ಕೇಳತಕ್ಕದ್ದು. ಮೊದಲ ದಿನವಾದ ಇಂದು ಒಬ್ಬರು ಬಂದು ನೀರಿನ ಬಿಲ್ಲಿನ ಬಗ್ಗೆ ಹೇಳಿದರು. ನೀರಿನ ಬಿಲ್ಲು ಘಟಕದ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಪೂರ್ತಿ ಕೇಳಲಾಯಿತು.

(ಸಹಿ)
ಡಾ. ಮುನಿಆಂಜಿನಪ್ಪ
ಉಪನಿರ್ದೇಶಕರು ಹಾಗೂ ನಿವೃತ್ತ ಮಾದರಿ-1
ಗಮನ ಮಾಪನ ಘಟಕ, ಯಲಹಂಕ

(ಸಹಿ ಮಾಡುವಾಗ ಅಧಿಕಾರಿ ಎಚ್ಚರವಾಗಿದ್ದರೆಂದು ದೃಢೀಕರಿಸಲಾಗಿದೆ. ಗೌರಮ್ಮ, ಗೊರಕೆ ವೀಕ್ಷಕಿ. ಹೆಬ್ಬೆಟ್ಟಲ್ಲ, ಸಹಿ.)

ಪ್ರತಿಗಳು:
1. ಕುಮಾರಿ ಅತೀಯಾಳ ಶಾಲೆಯ ಮುಖ್ಯೋಪಾಧ್ಯಾಯರಿಗೆ, ಖುದ್ದಾಗಿ. ಇದರಲ್ಲಿ ಬಣ್ಣದ ಚಿತ್ರ ಇಲ್ಲದಿರುವುದಕ್ಕೆ ಕ್ಷಮೆಯಿರಲಿ.
2. ಡಾ. ಮಂಜುಶ್ರೀ, ಮನೋವೈದ್ಯೆ, ಇವರಿಗೆ. ಕೇಳಿಸಿಕೊಳ್ಳುವುದು ಹೇಗೆಂಬ ಬಗ್ಗೆ ಘಟಕದ ಸಿಬ್ಬಂದಿಗೆ ತರಬೇತಿ ನೀಡುವ ಕೋರಿಕೆಯೊಂದಿಗೆ.
3. ಹೆಬ್ಬಾಳದ ಸಭಾಂಗಣದ ಕಾರ್ಯದರ್ಶಿಗೆ, ಶಾಲು ಸಮೇತ.
4. ಅಬ್ಬಿಗೆರೆಯ ಅಣ್ಣಂದಿರಿಗೆ. ದಯವಿಟ್ಟು ಫ್ಲೆಕ್ಸನ್ನು ಮಗುಚಿ ಹಾಕುವುದು.
5. ಶ್ರೀ ಅಶ್ವತ್ಥ್, ತಂತ್ರಜ್ಞರು, ಇವರಿಗೆ, ಹೊಸ ವಹಿ ಸಮೇತ.
6. ಸದರಿ ಅಧಿಕಾರಿಯ ಶ್ರೀಮತಿಯವರಿಗೆ, ಮಾಹಿತಿಗಾಗಿ. ಮಾಹಿತಿ ಅವರಲ್ಲಿ ಮೊದಲೇ ಇತ್ತು.
7. ಶ್ರೀಮತಿ ನೂರ್‌ಜಹಾನ್, ಕೋಗಿಲು, ಇವರಿಗೆ. ನಿಮ್ಮ ಎರಡೂ ಪತ್ರಗಳನ್ನು ಈಗ ಓದಲಾಗಿದೆ. ಎರಡೆರಡು ಸಲ.
8. ಕುಮಾರಿ ಅತೀಯಾ, ಆರನೆಯ ತರಗತಿ, ಇವಳಿಗೆ. ನಿಧಾನವಾಗಿ ಓದಬಹುದು. ನಡುವೆ ಕಿಟಕಿಯ ಹೊರಗೆ ಹೋಗಿ ಬರಬಹುದು. ಅವಧಿ ನಿಗದಿಪಡಿಸಿಲ್ಲ.